ಡ್ರೋನ್‌ಗಳ ನಿಯಂತ್ರಣ ತಪ್ಪುವಿಕೆ

ಡ್ರೋನ್‌ಗಳ ನಿಯಂತ್ರಣ ತಪ್ಪುವಿಕೆ ಎಂದರೆ, ಒಳಗೆ ಪೈಲಟ್ ಇಲ್ಲದೆ ಹಾರುವ ವಿಮಾನವು ರೇಡಿಯೊ ಆದೇಶ, ಉಪಗ್ರಹ ಸಂಕೇತ ಅಥವಾ ಕ್ಯಾಮೆರಾ ಮತ್ತಿತರ ಸಂವೇದಕಗಳ ಮಾಹಿತಿ ಕಡಿದುಹೋದದ್ದರಿಂದಲೋ ಕೆಟ್ಟದ್ದರಿಂದಲೋ ತನ್ನ ನಿಗದಿತ ಪಥವನ್ನು, ಕೆಲವೊಮ್ಮೆ ಹಾರಾಟದ ಸಮತೋಲವನ್ನೇ, ಉಳಿಸಿಕೊಳ್ಳಲಾಗದ ಸ್ಥಿತಿಗೆ ಬರುವುದು. ಮೋಟರ್ ಸುಟ್ಟು, ರೆಕ್ಕೆ ಮುರಿದು ಅಥವಾ ಬ್ಯಾಟರಿ ಖಾಲಿಯಾಗಿ ಆಗುವ ಪತನಗಳು ಇದರಲ್ಲಿ ಸೇರುವುದಿಲ್ಲ. ಇಲ್ಲಿ ಯಂತ್ರ ಸುಸ್ಥಿತಿಯಲ್ಲೇ ಇರುತ್ತದೆ. ಅದಕ್ಕೆ ಸಿಗಬೇಕಾದ ಮಾಹಿತಿ ಮಾತ್ರ ಸಿಗುವುದಿಲ್ಲ, ಅಥವಾ ಸುಳ್ಳು ಮಾಹಿತಿ ಸಿಗುತ್ತದೆ.

ಈ ಎರಡರ ನಡುವಣ ಭೇದವೇ ಇಡೀ ವಿಷಯದ ತಿರುಳು. ಸಂಕೇತ ನಿಂತುಹೋದರೆ ಡ್ರೋನ್‌ಗೆ ಅದು ತಿಳಿಯುತ್ತದೆ, ಮೊದಲೇ ಬರೆದಿಟ್ಟ ಆಪತ್ಕಾಲದ ಕ್ರಮಕ್ಕೆ ಅದು ಹೊರಳುತ್ತದೆ. ಸಂಕೇತ ಸುಳ್ಳಾದರೆ ಡ್ರೋನ್ ಅದನ್ನೇ ನಂಬಿ ಹಾರುತ್ತಿರುತ್ತದೆ. ಉದ್ದೇಶಪೂರ್ವಕವಾಗಿ ರೇಡಿಯೊ ಗದ್ದಲ ತುಂಬಿ ನಿಜವಾದ ಸಂಕೇತವನ್ನು ಅಡಗಿಸುವುದು ಜ್ಯಾಮಿಂಗ್, ನಿಜವಾದುದನ್ನೇ ಹೋಲುವ ಸುಳ್ಳು ಸಂಕೇತ ಕಳಿಸಿ ದಾರಿ ತಪ್ಪಿಸುವುದು ಸ್ಪೂಫಿಂಗ್, ಆದೇಶ ನೀಡುವ ಕೊಂಡಿಯನ್ನೇ ಕೈವಶ ಮಾಡಿಕೊಳ್ಳುವುದು ಅಪಹರಣ. ಈ ಮೂರನ್ನೂ ಉದ್ದೇಶವಿಲ್ಲದೆ ಆಗುವ ತೊಡಕುಗಳನ್ನೂ ಒಟ್ಟಾಗಿ ಇಲ್ಲಿ ಅಡಚಣೆ ಎಂದು ಕರೆಯಲಾಗಿದೆ.

ಹಿನ್ನೆಲೆ

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊ ಅಲೆಗಳಿಂದ ನಡೆಯುವ ಪುಟ್ಟ ದೋಣಿಯನ್ನು ಪ್ರದರ್ಶಿಸಿದರು. ತಂತಿಯಿಲ್ಲದೆ ಯಂತ್ರ ನಡೆಸಬಹುದೆಂದಾದ ಮೇಲೆ, ಆ ಆದೇಶಕ್ಕೆ ಬೇರೆಯವರು ಅಡ್ಡಿ ಮಾಡುವ ಸಾಧ್ಯತೆಯೂ ಜೊತೆಗೇ ಬಂತು. ಅದು ಯುದ್ಧರಂಗದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಎರಡನೇ ಮಹಾಯುದ್ಧದಲ್ಲಿ. ಜರ್ಮನಿಯ ಫ್ರಿಟ್ಸ್ ಎಕ್ಸ್ ಮತ್ತು ಹೆನ್ಶೆಲ್ ಎಚ್‌ಎಸ್ 293 ಬಾಂಬುಗಳನ್ನು ವಿಮಾನದಲ್ಲಿ ಕುಳಿತ ಸೈನಿಕ ರೇಡಿಯೊ ಮೂಲಕ ಗುರಿಯತ್ತ ನಡೆಸುತ್ತಿದ್ದ. 1943ರ ಸೆಪ್ಟೆಂಬರ್ 9ರಂದು ಇಟಲಿಯ ಯುದ್ಧನೌಕೆ ರೋಮಾ ಫ್ರಿಟ್ಸ್ ಎಕ್ಸ್ ಬಡಿದು ಮುಳುಗಿತು. ಆದರೆ ಒಂದೊಂದು ಬಾಂಬಿಗೂ ಹಾರುವ ಮೊದಲೇ ಒಂದು ರೇಡಿಯೊ ಚಾನೆಲ್ ನಿಗದಿಯಾಗಿರುತ್ತಿತ್ತು, ನಡುವೆ ಬದಲಿಸುವಂತಿರಲಿಲ್ಲ. ಮಿತ್ರರಾಷ್ಟ್ರಗಳು ಹಡಗುಗಳ ಮೇಲೆ ಜಾಮರ್‌ಗಳನ್ನು ಕೂರಿಸಿ ಆ ಚಾನೆಲ್‌ಗಳಲ್ಲಿ ಗದ್ದಲ ತುಂಬಿದವು. 1944ರ ನಾರ್ಮಂಡಿ ದಾಳಿಯ ಹೊತ್ತಿಗೆ ಈ ಬಾಂಬುಗಳ ಪರಿಣಾಮ ಬಹಳ ಕುಗ್ಗಿತ್ತು. ಜರ್ಮನಿ ಇದಕ್ಕೆ ಉತ್ತರವಾಗಿ ತಂತಿ ಬಿಚ್ಚಿಕೊಂಡು ಹೋಗುವ ಎಚ್‌ಎಸ್ 293ಬಿ ಮಾದರಿಯನ್ನು ರೂಪಿಸಿತು, ಅದು ಬಳಕೆಗೆ ಬರಲಿಲ್ಲ. ಎಂಬತ್ತು ವರ್ಷಗಳ ಬಳಿಕ ಯುಕ್ರೇನ್ ಯುದ್ಧದಲ್ಲಿ ಇದೇ ಉಪಾಯ ಗಾಜಿನ ಎಳೆಯ ರೂಪದಲ್ಲಿ ಮರಳಿ ಬಂದಿದೆ.

ಇಂದಿನ ಬಹುತೇಕ ಡ್ರೋನ್‌ಗಳ ರೇಡಿಯೊ ಕೊಂಡಿಗೆ ಆಧಾರವಾದ ಆವೃತ್ತಿ ಜಿಗಿತ ತಂತ್ರವೂ ಆ ಕಾಲದ್ದೇ. ಟಾರ್ಪೆಡೊಗೆ ಕಳಿಸುವ ಆದೇಶವನ್ನು ಶತ್ರು ಜ್ಯಾಮ್ ಮಾಡದಂತೆ, ಕಳಿಸುವ ಮತ್ತು ಪಡೆಯುವ ಎರಡೂ ಉಪಕರಣಗಳು ಒಂದೇ ಗುಟ್ಟಿನ ಕ್ರಮದಲ್ಲಿ ಆವೃತ್ತಿ ಬದಲಿಸುತ್ತ ಹೋಗುವ ವಿಧಾನಕ್ಕೆ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೀಲ್ 1942ರ ಆಗಸ್ಟ್‌ನಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಅದನ್ನು ಬಳಸಲಿಲ್ಲ.

ನಿಯಂತ್ರಣ ವ್ಯವಸ್ಥೆಯ ರಚನೆ

ಸಾಮಾನ್ಯ ನಾಲ್ಕು ರೆಕ್ಕೆಯ ಡ್ರೋನ್ ಸ್ವಭಾವತಃ ಅಸ್ಥಿರ ಯಂತ್ರ. ಅದರ ಫ್ಲೈಟ್ ಕಂಟ್ರೋಲರ್ ಎಂಬ ಪುಟ್ಟ ಗಣಕವು ಸೆಕೆಂಡಿಗೆ ನೂರಾರು ಬಾರಿ ಮೋಟರ್‌ಗಳ ವೇಗ ತಿದ್ದುತ್ತಿದ್ದರೆ ಮಾತ್ರ ಅದು ಗಾಳಿಯಲ್ಲಿ ನಿಲ್ಲುತ್ತದೆ. ಈ ಗಣಕಕ್ಕೆ ಮಾಹಿತಿ ಹಲವು ಕಡೆಯಿಂದ ಬರುತ್ತದೆ. ಗೈರೋಸ್ಕೋಪ್ ಮತ್ತು ವೇಗೋತ್ಕರ್ಷಮಾಪಕ ವಾಲಿಕೆ, ಅಲುಗಾಟಗಳನ್ನು ಅಳೆಯುತ್ತವೆ. ವಾಯುಭಾರಮಾಪಕ ಎತ್ತರವನ್ನು, ಕಾಂತೀಯ ದಿಕ್ಸೂಚಿ ಮುಖ ಯಾವ ಕಡೆಗಿದೆ ಎಂಬುದನ್ನು, ಉಪಗ್ರಹ ರಿಸೀವರ್ ಇರುವ ಸ್ಥಳವನ್ನು ಹೇಳುತ್ತವೆ. ಹೊಟ್ಟೆಯ ಕೆಳಗಿನ ಕ್ಯಾಮೆರಾ ನೆಲ ಯಾವ ದಿಕ್ಕಿಗೆ ಸರಿಯುತ್ತಿದೆ ಎಂದು ನೋಡುತ್ತದೆ. ಪೈಲಟ್‌ನ ಆದೇಶ ರೇಡಿಯೊ ಮೂಲಕ ಬರುತ್ತದೆ. ವಿಡಿಯೊ ಮತ್ತು ಡ್ರೋನ್‌ನ ಸ್ಥಿತಿಗತಿಯ ಅಂಕಿಅಂಶ ರೇಡಿಯೊ ಮೂಲಕವೇ ನೆಲಕ್ಕೆ ಹೋಗುತ್ತದೆ.

ಇವುಗಳಲ್ಲಿ ಒಂದೊಂದೂ ಅಷ್ಟಿಷ್ಟು ತಪ್ಪು ಹೇಳುತ್ತದೆ. ಎಲ್ಲವನ್ನೂ ತೂಗಿ ನೋಡಿ ಅತಿ ಸಂಭವನೀಯ ಸ್ಥಿತಿಯನ್ನು ಅಂದಾಜು ಮಾಡುವುದು ಕಾಲ್ಮನ್ ಫಿಲ್ಟರ್ ಎಂಬ ಗಣಿತಕ್ರಮದ ಕೆಲಸ. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಈ ಕ್ರಮದ ಬೇರೆ ಬೇರೆ ರೂಪಗಳು ಇಂದು ಡ್ರೋನ್‌ಗಳಲ್ಲಿ ವ್ಯಾಪಕ ಬಳಕೆಯಲ್ಲಿವೆ. ಒಂದು ಸಂವೇದಕ ಏಕಾಏಕಿ ಉಳಿದವುಗಳಿಗೆ ತಾಳೆಯಾಗದ ಸಂಖ್ಯೆ ಕೊಟ್ಟರೆ ಫಿಲ್ಟರ್ ಅದನ್ನು ತಳ್ಳಿಹಾಕಬಲ್ಲದು. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಸರಿಯುವ ತಪ್ಪನ್ನು ಗುರುತಿಸುವುದು ಅದಕ್ಕೆ ಕಷ್ಟ. ಚತುರ ಸ್ಪೂಫಿಂಗ್‌ನ ಯಶಸ್ಸು ಇರುವುದು ಇಲ್ಲೇ.

ರೇಡಿಯೊ ಕೊಂಡಿಯ ಅಡಚಣೆ

ಮಾರುಕಟ್ಟೆಯಲ್ಲಿ ಸಿಗುವ ಡ್ರೋನ್‌ಗಳು ಹೆಚ್ಚಾಗಿ 2.4 ಮತ್ತು 5.8 ಗಿಗಾಹರ್ಟ್ಜ್ ಬ್ಯಾಂಡ್‌ಗಳನ್ನು ಬಳಸುತ್ತವೆ. ವೈಫೈ ಕೂಡ ಇವೇ ಬ್ಯಾಂಡ್‌ಗಳಲ್ಲಿದೆ, ಬ್ಲೂಟೂತ್ 2.4 ಗಿಗಾಹರ್ಟ್ಜ್‌ನಲ್ಲಿದೆ. ದೂರ ಹೋಗುವ ಡ್ರೋನ್‌ಗಳಲ್ಲಿ 433, 868, 915 ಮೆಗಾಹರ್ಟ್ಜ್ ಸುತ್ತಮುತ್ತಲ ಬ್ಯಾಂಡ್‌ಗಳೂ ಬಳಕೆಯಲ್ಲಿವೆ. ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿರುವ ಬಡಾವಣೆಯಲ್ಲಿ ಮನೆಮನೆಯ ವೈಫೈ ಸೇರಿ ಕಟ್ಟುವ ಗದ್ದಲವೇ ಕೊಂಡಿಯ ವ್ಯಾಪ್ತಿಯನ್ನು ಗಣನೀಯವಾಗಿ ತಗ್ಗಿಸುತ್ತದೆ. ಇದರ ಹಿಂದೆ ಯಾರ ದುರುದ್ದೇಶವೂ ಇರಬೇಕಾಗಿಲ್ಲ.

ಕೊಂಡಿ ಉಳಿಯುವುದೇ ಕಡಿಯುವುದೇ ಎಂಬುದು ರಿಸೀವರ್‌ನ ಬಳಿ ಸಂಕೇತ ಮತ್ತು ಗದ್ದಲಗಳ ಶಕ್ತಿಯ ಅನುಪಾತದ ಮೇಲೆ ನಿಂತಿದೆ. ದೂರ ಇಮ್ಮಡಿಯಾದರೆ ಸಂಕೇತದ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಪೈಲಟ್ ದೂರದಲ್ಲಿದ್ದು ಜಾಮರ್ ಹತ್ತಿರದಲ್ಲಿದ್ದರೆ ಸಣ್ಣ ಜಾಮರ್ ಕೂಡ ಗೆಲ್ಲುತ್ತದೆ. ಗುಡ್ಡ, ಕಟ್ಟಡ, ಒದ್ದೆ ಮರಗಳ ದಟ್ಟ ಎಲೆ ಅಡ್ಡ ಬಂದರೂ ಕೊಂಡಿ ದುರ್ಬಲವಾಗುತ್ತದೆ. ನೆಲಮಟ್ಟಕ್ಕೆ ಇಳಿದಂತೆ ಪೈಲಟ್ ಮತ್ತು ಡ್ರೋನ್ ನಡುವಣ ನೇರ ದೃಷ್ಟಿರೇಖೆ ತಪ್ಪುವುದರಿಂದ, ಇಳಿಯುವ ಕೊನೆಯ ಕ್ಷಣಗಳಲ್ಲಿ ಚಿತ್ರ ಮಾಯವಾಗುವುದು ಸಾಮಾನ್ಯ.

ಅಪಹರಣಕ್ಕೆ ಶಕ್ತಿಶಾಲಿ ರೇಡಿಯೊ ಬೇಕಿಲ್ಲ, ಕೊಂಡಿಯಲ್ಲಿ ಲೋಪವಿದ್ದರೆ ಸಾಕು. ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್ 2013ರ ಡಿಸೆಂಬರ್‌ನಲ್ಲಿ, ತೆರೆದ ವೈಫೈ ಬಳಸುತ್ತಿದ್ದ ಪ್ಯಾರಟ್ ಕಂಪನಿಯ ಡ್ರೋನ್‌ಗಳನ್ನು ಇನ್ನೊಂದು ಡ್ರೋನ್ ಮೇಲೆ ಕೂರಿಸಿದ ರಾಸ್ಪ್‌ಬೆರಿ ಪೈ ಗಣಕದಿಂದ ವಶಕ್ಕೆ ಪಡೆಯಬಹುದೆಂದು ತೋರಿಸಿದರು. ಗುಪ್ತಲಿಪಿಯಿಲ್ಲದ ವಿಡಿಯೊದ ಅಪಾಯ ಅದಕ್ಕೂ ಮೊದಲೇ ಬಯಲಾಗಿತ್ತು: ಇರಾಕ್‌ನಲ್ಲಿ ಹೋರಾಟಗಾರರು ಅಗ್ಗದ ಸಾಫ್ಟ್‌ವೇರ್ ಬಳಸಿ ಅಮೆರಿಕದ ಪ್ರಿಡೇಟರ್ ಡ್ರೋನ್‌ಗಳ ವಿಡಿಯೊ ನೋಡುತ್ತಿದ್ದ ಸಂಗತಿ 2009ರ ಡಿಸೆಂಬರ್‌ನಲ್ಲಿ ಹೊರಬಂತು. ಅಲ್ಲಿ ಡ್ರೋನ್‌ನ ನಿಯಂತ್ರಣ ಕೈತಪ್ಪಿರಲಿಲ್ಲ. ಅದು ಕಾಣುತ್ತಿದ್ದುದು ಮಾತ್ರ ಎದುರಾಳಿಗೂ ಕಾಣುತ್ತಿತ್ತು. ಹವ್ಯಾಸಿಗಳೂ ಸಂಶೋಧಕರೂ ಹೆಚ್ಚು ಬಳಸುವ ಮ್ಯಾವ್‌ಲಿಂಕ್ ಎಂಬ ಸಂವಹನ ನಿಯಮಾವಳಿಯಲ್ಲಿ ಗುಪ್ತಲಿಪಿ ಇಲ್ಲ. ಅದರ ಎರಡನೇ ಆವೃತ್ತಿಯಲ್ಲಿ ಸಂದೇಶಕ್ಕೆ ಡಿಜಿಟಲ್ ಸಹಿ ಹಾಕುವ ಸೌಲಭ್ಯವಿದ್ದರೂ ಅದನ್ನು ಬಳಕೆದಾರರೇ ಚಾಲೂ ಮಾಡಿಕೊಳ್ಳಬೇಕು.

ಉಪಗ್ರಹ ಪಥದರ್ಶನದ ಅಡಚಣೆ

ಅಡಚಣೆಗೆ ಅತಿ ಸುಲಭವಾಗಿ ಸಿಕ್ಕುವುದು ಉಪಗ್ರಹ ಸಂಕೇತ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೊಮೀಟರ್ ಎತ್ತರದಲ್ಲಿವೆ. ನಾಗರಿಕ ಬಳಕೆಯ ಎಲ್1 ಸಂಕೇತ 1575.42 ಮೆಗಾಹರ್ಟ್ಜ್‌ನಲ್ಲಿ ಬರುತ್ತದೆ. ಅದು ನೆಲ ಮುಟ್ಟುವಾಗ ಉಳಿದಿರುವ ಶಕ್ತಿ ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ರಿಸೀವರ್‌ನ ಸ್ವಂತ ಗದ್ದಲಕ್ಕಿಂತಲೂ ಕಡಿಮೆ. ಉಪಗ್ರಹದ ಸಂಕೇತಕ್ರಮ ಮೊದಲೇ ಗೊತ್ತಿರುವುದರಿಂದಷ್ಟೇ ರಿಸೀವರ್ ಅದನ್ನು ಹೆಕ್ಕಿ ತೆಗೆಯುತ್ತದೆ. ಜಾತ್ರೆಯ ಧ್ವನಿವರ್ಧಕದ ಎದುರು ನಿಂತವರಿಗೆ ಪಕ್ಕದವರ ಪಿಸುಮಾತು ಕೇಳಿಸದಂತೆ, ಅದೇ ಆವೃತ್ತಿಯಲ್ಲಿ ಹತ್ತಿರದಿಂದ ಹೊರಟ ಸಣ್ಣ ಗದ್ದಲವೂ ಈ ಸಂಕೇತವನ್ನು ಮುಚ್ಚಿಹಾಕುತ್ತದೆ.

2018ರ ಅಕ್ಟೋಬರ್ 27ರ ರಾತ್ರಿ ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಬಂದರಿನ ಮೇಲೆ ದೀಪಾಲಂಕಾರದ ಡ್ರೋನ್ ಪ್ರದರ್ಶನ ನಡೆಯುತ್ತಿತ್ತು. ಇಂಥ ಪ್ರದರ್ಶನದಲ್ಲಿ ಪ್ರತಿಯೊಂದು ಡ್ರೋನ್ ಕೂಡ ತನ್ನ ಸ್ಥಾನವನ್ನು ಉಪಗ್ರಹ ಸಂಕೇತದಿಂದಲೇ ಅರಿಯುತ್ತದೆ, ಅಕ್ಕಪಕ್ಕದ್ದನ್ನು ಕಣ್ಣಿಂದ ನೋಡುವುದಿಲ್ಲ. ಪ್ರದರ್ಶನದ ನಡುವೆ ಡ್ರೋನ್‌ಗಳು ಸಾಲು ತಪ್ಪಿ ಒಂದೊಂದಾಗಿ ನೀರಿಗೆ ಬೀಳತೊಡಗಿದವು. ಒಟ್ಟು 46 ಬಿದ್ದವು. ಜಿಪಿಎಸ್ ಸಂಕೇತ ಜ್ಯಾಮ್ ಆದದ್ದೇ ಕಾರಣವೆಂದು ಆಯೋಜಕರು ಹೇಳಿದರು. ನೀರಿನ ಮೇಲೆ ಬಿದ್ದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ದಕ್ಷಿಣ ಕೊರಿಯಾದಲ್ಲಿ 2012ರ ಮೇ 10ರಂದು ಹಾಗಾಗಿರಲಿಲ್ಲ. ಉತ್ತರ ಕೊರಿಯಾದ ಕಡೆಯಿಂದ ಜಿಪಿಎಸ್ ಜ್ಯಾಮಿಂಗ್ ನಡೆಯುತ್ತಿದ್ದ ದಿನಗಳಲ್ಲಿ ಇಂಚಿಯಾನ್ ಬಳಿ ಶೀಬೆಲ್ ಎಸ್-100 ಎಂಬ ಮಾನವರಹಿತ ಹೆಲಿಕಾಪ್ಟರ್ ತನ್ನದೇ ನಿಯಂತ್ರಣ ವಾಹನದ ಮೇಲೆ ಬಿದ್ದು ಎಂಜಿನಿಯರೊಬ್ಬರು ಸತ್ತರು.

ಸ್ಪೂಫಿಂಗ್‌ನ ಬಗ್ಗೆ ಹೆಚ್ಚು ಉಲ್ಲೇಖಿತವಾಗುವ ಪ್ರಯೋಗ ಟೆಕ್ಸಾಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ಅವರ ತಂಡದ್ದು. ಜೂನ್ 2012ರಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಮರುಭೂಮಿಯಲ್ಲಿ, ಒಂದೇ ಎತ್ತರದಲ್ಲಿ ನಿಂತಿದ್ದ ಪುಟ್ಟ ಮಾನವರಹಿತ ಹೆಲಿಕಾಪ್ಟರ್‌ಗೆ ಸುಳ್ಳು ಜಿಪಿಎಸ್ ಸಂಕೇತ ಕಳಿಸಲಾಯಿತು. ತಾನು ಮೇಲೇರುತ್ತಿದ್ದೇನೆಂದು ನಂಬಿದ ಹೆಲಿಕಾಪ್ಟರ್ ಎತ್ತರ ಸರಿಪಡಿಸಿಕೊಳ್ಳಲು ಕೆಳಕ್ಕೆ ಧುಮುಕಿತು. ನೆಲಕ್ಕಪ್ಪಳಿಸುವ ಮೊದಲು ಸುರಕ್ಷತಾ ಪೈಲಟ್ ಅದನ್ನು ಕೈಗೆ ತೆಗೆದುಕೊಂಡರು. ಗಮನಿಸಬೇಕಾದದ್ದೆಂದರೆ, ಹೆಲಿಕಾಪ್ಟರ್‌ನ ಸಾಫ್ಟ್‌ವೇರ್ ಎಲ್ಲಿಯೂ ತಪ್ಪು ಮಾಡಿರಲಿಲ್ಲ. ಸಿಕ್ಕ ಮಾಹಿತಿಗೆ ಸರಿಯಾಗಿಯೇ ವರ್ತಿಸಿತ್ತು. ಇದಕ್ಕೂ ಆರು ತಿಂಗಳ ಹಿಂದೆ, 2011ರ ಡಿಸೆಂಬರ್‌ನಲ್ಲಿ, ಅಮೆರಿಕದ ಆರ್‌ಕ್ಯೂ-170 ಬೇಹು ಡ್ರೋನ್ ಇರಾನ್‌ನ ಕೈಗೆ ಬಹುಪಾಲು ಇಡಿಯಾಗಿ ಸಿಕ್ಕಿತ್ತು. ಸುಳ್ಳು ಸಂಕೇತದಿಂದ ಅದನ್ನು ಇಳಿಸಿದೆವೆಂದು ಇರಾನ್ ಕಡೆಯವರು ಹೇಳಿಕೊಂಡರು, ಅಮೆರಿಕ ತಾಂತ್ರಿಕ ದೋಷವೆಂದಿತು. ಈ ವಿವಾದ ಬಗೆಹರಿದಿಲ್ಲ.

ಆಕಾಶದಿಂದಲೂ ಅಡಚಣೆ ಬರುತ್ತದೆ. ಉಪಗ್ರಹ ಸಂಕೇತ ಅಯಾನುಗೋಳವನ್ನು ದಾಟಿ ಬರಬೇಕು. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲಿ ಹಾದುಹೋಗುವುದರಿಂದ, ಕರ್ನಾಟಕವೂ ಸೇರಿ ಈ ಭಾಗದಲ್ಲಿ ಸೂರ್ಯಾಸ್ತದ ನಂತರದ ಗಂಟೆಗಳಲ್ಲಿ ಅಯಾನುಗೋಳದ ಕಲಕುವಿಕೆ ಹೆಚ್ಚು, ಸೌರ ಚಟುವಟಿಕೆ ತೀವ್ರವಾದ ವರ್ಷಗಳಲ್ಲಿ ಇನ್ನೂ ಹೆಚ್ಚು. ಸಂಕೇತ ಮಿಣುಕಿದಂತಾಗಿ ರಿಸೀವರ್‌ನ ಹಿಡಿತ ತಪ್ಪುತ್ತದೆ. 2024ರ ಮೇ 10 ಮತ್ತು 11ರ ಸೌರ ಬಿರುಗಾಳಿಯಲ್ಲಿ ಅಮೆರಿಕದ ರೈತರ ಜಿಪಿಎಸ್ ಆಧಾರಿತ ಬಿತ್ತನೆ ಯಂತ್ರಗಳು ಸಾಲು ತಪ್ಪಿದವು. ಸೆಂಟಿಮೀಟರ್ ಮಟ್ಟದ ನಿಖರತೆ ಬೇಕಾದ ಸರ್ವೆ ಮತ್ತು ಸಿಂಪಡಣೆ ಡ್ರೋನ್‌ಗಳೂ ಬಳಸುವುದು ಅದೇ ಬಗೆಯ ತಂತ್ರವನ್ನು. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗಾಜಿನ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಡ್ರೋನ್ ತನ್ನ ಸ್ಥಾನವನ್ನು ಹಲವು ಮೀಟರ್ ಆಚೆಗೆ ಲೆಕ್ಕ ಹಾಕಬಹುದು.

ಕ್ಯಾಮೆರಾ ಮತ್ತು ಇತರ ಸಂವೇದಕಗಳು

ಹೊಟ್ಟೆಯ ಕೆಳಗಿನ ಕ್ಯಾಮೆರಾ ನೆಲದ ಮೇಲಿನ ಕಲ್ಲು, ಹುಲ್ಲು, ಗೆರೆಗಳ ಸರಿಯುವಿಕೆಯನ್ನು ನೋಡಿ ಡ್ರೋನ್‌ನ ಚಲನೆಯನ್ನು ಲೆಕ್ಕ ಹಾಕುತ್ತದೆ. ಒಳಾಂಗಣದಲ್ಲಿ, ಜಿಪಿಎಸ್ ಸಿಗದ ಕಡೆ, ಡ್ರೋನ್ ಒಂದೇ ಜಾಗದಲ್ಲಿ ನಿಲ್ಲುವುದು ಇದರ ಬಲದಿಂದ. ನೆಲದಲ್ಲಿ ಗುರುತಿಸುವಂಥದ್ದೇನೂ ಇಲ್ಲದಿದ್ದರೆ ಈ ಲೆಕ್ಕ ಕೆಡುತ್ತದೆ. ಹೊಳೆಯುವ ಗ್ರಾನೈಟ್ ನೆಲ, ಮಬ್ಬುಗತ್ತಲೆ, ಹಿಮ, ಎಲ್ಲವೂ ತೊಡಕೇ. ಕೆರೆಯ ಮೇಲೆ ತೊಡಕು ಬೇರೆ ಬಗೆಯದು: ಕ್ಯಾಮೆರಾಕ್ಕೆ ಕಾಣುವುದು ಅಲೆಗಳು. ಅಲೆ ಸರಿದರೆ ತಾನೇ ಸರಿದೆನೆಂದು ತಿಳಿದು ಡ್ರೋನ್ ಅಲೆಯ ಜೊತೆಗೆ ಮೆಲ್ಲಗೆ ತೇಲಿಹೋಗುತ್ತದೆ. ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ದೌರ್ಬಲ್ಯವನ್ನು ಬೇಕೆಂದೇ ಬಳಸಿಕೊಂಡಿತು. ನೆಲದ ಮೇಲೆ ಬೆಳಕಿನ ಚುಕ್ಕಿಗಳನ್ನು ಬೀರಿ ಸರಿಸಿದರೆ ಡ್ರೋನ್ ಅವುಗಳನ್ನು ಹಿಂಬಾಲಿಸುತ್ತದೆ ಎಂದು ಅದು ತೋರಿಸಿತು.

ಮುಂದಿನ ಕ್ಯಾಮೆರಾಗಳು ಅಡೆತಡೆ ತಪ್ಪಿಸಲು ಇರುವಂಥವು. ತೆಳುವಾದ ವಿದ್ಯುತ್ ತಂತಿ, ಗಾಜಿನ ಗೋಡೆ, ಒಣಗಿದ ಸಣ್ಣ ಕೊಂಬೆ ಅವಕ್ಕೆ ಹಲವು ಸಲ ಕಾಣುವುದೇ ಇಲ್ಲ. ಮಸೂರಕ್ಕೆ ಎದುರು ಬಿಸಿಲು ಬಿದ್ದರೆ ಇಲ್ಲವೇ ಲೇಸರ್ ಕಿರಣ ಬಿಟ್ಟರೆ ಕ್ಯಾಮೆರಾದ ಸಂವೇದಕ ಕುರುಡಾಗುತ್ತದೆ. ಕಿರಣದ ಶಕ್ತಿ ಹೆಚ್ಚಿದ್ದರೆ ಶಾಶ್ವತವಾಗಿಯೇ ಹಾಳಾಗಬಹುದು. ಕನ್ನಡಕದಂಥ ಪರದೆಯಲ್ಲಿ ಚಿತ್ರ ನೋಡುತ್ತಲೇ ಹಾರಿಸುವ ಎಫ್‌ಪಿವಿ ಡ್ರೋನ್‌ಗಳಲ್ಲಿ ವಿಡಿಯೊ ಹೋಯಿತೆಂದರೆ ನಿಯಂತ್ರಣವೂ ಹೋದಂತೆ, ಆದೇಶದ ಕೊಂಡಿ ಚೆನ್ನಾಗಿಯೇ ಇದ್ದರೂ ಸಹ. ಅನಲಾಗ್ ವಿಡಿಯೊ ಸಂಕೇತ ಕ್ಷೀಣಿಸಿದಂತೆ ಚುಕ್ಕಿಚುಕ್ಕಿಯಾಗಿ ಮಸುಕಾಗುತ್ತ ಪೈಲಟ್‌ಗೆ ಎಚ್ಚರಿಕೆ ಕೊಡುತ್ತದೆ. ಡಿಜಿಟಲ್ ವಿಡಿಯೊ ಸ್ಪಷ್ಟವಾಗಿದ್ದು ಒಮ್ಮೆಲೇ ನಿಶ್ಚಲವಾಗಿಬಿಡುತ್ತದೆ.

ದಿಕ್ಸೂಚಿಯದು ಮತ್ತೊಂದು ಕಥೆ. ಭೂಮಿಯ ಕಾಂತಕ್ಷೇತ್ರ ಬಹಳ ದುರ್ಬಲ, 25ರಿಂದ 65 ಮೈಕ್ರೊಟೆಸ್ಲಾ ಅಷ್ಟೇ. ಕಾಂಕ್ರೀಟ್ ತಾರಸಿಯೊಳಗಿನ ಕಬ್ಬಿಣದ ಸರಳು, ನಿಂತ ಕಾರಿನ ಬಾನೆಟ್, ಡ್ರೋನ್‌ನದೇ ಬ್ಯಾಟರಿ ತಂತಿಯ ವಿದ್ಯುತ್ ಅದನ್ನು ಕದಡುತ್ತವೆ. ಆಗ ಜಿಪಿಎಸ್ ಸರಿಯಾದ ಸ್ಥಳ ಹೇಳುತ್ತಿದ್ದರೂ ಡ್ರೋನ್ ತನ್ನ ಮುಖ ಬೇರೆ ಕಡೆಗಿದೆ ಎಂದುಕೊಂಡಿರುತ್ತದೆ. ಗಾಳಿಗೆ ಸ್ವಲ್ಪ ಸರಿದರೆ ತಿದ್ದಿಕೊಳ್ಳಲು ತಪ್ಪು ದಿಕ್ಕಿಗೆ ಹಾರುತ್ತದೆ, ಆ ತಪ್ಪನ್ನು ತಿದ್ದಲು ಮತ್ತೆ ತಪ್ಪು ದಿಕ್ಕಿಗೆ. ಹೊರಗಿನಿಂದ ನೋಡಿದವರಿಗೆ ಡ್ರೋನ್ ಸುತ್ತು ಹಾಕುತ್ತ, ಸುತ್ತು ದೊಡ್ಡದಾಗುತ್ತ ಹೋಗುವುದು ಕಾಣುತ್ತದೆ. ತಾರಸಿಯ ಮೇಲಿಂದ ಡ್ರೋನ್ ಹಾರಿಸಬಾರದೆನ್ನುವ ಸಲಹೆಗೆ ಇದೊಂದು ಮುಖ್ಯ ಕಾರಣ.

ಶಬ್ದದಿಂದಲೂ ಡ್ರೋನ್ ಕೆಡವಬಹುದೆಂದು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಸಂಶೋಧಕರು 2015ರಲ್ಲಿ ತೋರಿಸಿದರು. ಡ್ರೋನ್‌ನ ಗೈರೋಸ್ಕೋಪ್ ಒಂದು ಸೂಕ್ಷ್ಮ ಕಂಪನಯಂತ್ರ. ಅದರ ಸಹಜ ಕಂಪನಕ್ಕೆ ಹೊಂದುವ ಶಬ್ದ ಬಿದ್ದರೆ ಅಳತೆ ಕೆಡುತ್ತದೆ. ಅವರು ಪರೀಕ್ಷಿಸಿದ 15 ಬಗೆಯ ಗೈರೋಸ್ಕೋಪ್‌ಗಳಲ್ಲಿ 7 ಈ ರೀತಿ ಕೆಟ್ಟವು.

ಕೊಂಡಿ ಕಡಿದಾಗಿನ ವರ್ತನೆ

ರೇಡಿಯೊ ಕೊಂಡಿ ಕೆಲವು ಸೆಕೆಂಡು ಕಡಿದರೆ ಡ್ರೋನ್ ಫೇಲ್‌ಸೇಫ್ ಎಂಬ ಆಪತ್ಕಾಲದ ಕ್ರಮಕ್ಕೆ ಹೊರಳುತ್ತದೆ. ಹೊರಟ ಜಾಗಕ್ಕೆ ಹಿಂದಿರುಗುವುದು, ಇದ್ದಲ್ಲೇ ನಿಲ್ಲುವುದು, ಇದ್ದಲ್ಲೇ ಇಳಿಯುವುದು ಇವುಗಳಲ್ಲೊಂದನ್ನು ಮೊದಲೇ ಆರಿಸಿಟ್ಟಿರುತ್ತಾರೆ. ಹಿಂದಿರುಗುವ ಆಯ್ಕೆ ಅತಿ ಸುರಕ್ಷಿತವೆಂದು ತೋರಿದರೂ ಅದಕ್ಕೆ ಎರಡು ಷರತ್ತುಗಳಿವೆ. ಉಪಗ್ರಹ ಸಂಕೇತ ಸಿಗುವ ಮೊದಲೇ ಅವಸರದಲ್ಲಿ ಹಾರಿಸಿದ್ದರೆ ಡ್ರೋನ್‌ನ ನೆನಪಿನಲ್ಲಿರುವ ಹೊರಟ ಜಾಗವೇ ತಪ್ಪಾಗಿರಬಹುದು. ಹಿಂದಿರುಗುವ ಎತ್ತರವನ್ನು ಸುತ್ತಲ ಮರ, ಟವರ್‌ಗಳಿಗಿಂತ ಕಡಿಮೆ ಇಟ್ಟಿದ್ದರೆ ಡ್ರೋನ್ ದಾರಿಯಲ್ಲೇ ಬಡಿದು ಬೀಳುತ್ತದೆ.

ಉಪಗ್ರಹ ಸಂಕೇತ ಮಾತ್ರ ಹೋದರೆ ಡ್ರೋನ್ ಸಮತೋಲ ಉಳಿಸಿಕೊಳ್ಳುತ್ತದೆ, ಕೆಳಗಿನ ಕ್ಯಾಮೆರಾದ ನೆರವೂ ಇಲ್ಲದಿದ್ದರೆ ಸ್ಥಾನ ಉಳಿಸಿಕೊಳ್ಳುವುದಿಲ್ಲ. ಗಾಳಿ ಬೀಸಿದ ಕಡೆಗೆ ತೇಲುತ್ತದೆ. ಕೈಯಾರೆ ಹಾರಿಸಬಲ್ಲ ಪೈಲಟ್ ಅದನ್ನು ಇಳಿಸಬಹುದು, ಗುಂಡಿ ಒತ್ತಿ ಹಾರಿಸುವುದಷ್ಟನ್ನೇ ಕಲಿತವರಿಗೆ ಇದು ಕಷ್ಟ. ರೇಡಿಯೊ, ಉಪಗ್ರಹ ಎರಡೂ ಒಟ್ಟಿಗೆ ಹೋದರೆ ಹಿಂದಿರುಗುವ ದಾರಿ ತಿಳಿಯದೆ ಡ್ರೋನ್ ಇದ್ದಲ್ಲೇ ಇಳಿಯಲು ನೋಡುತ್ತದೆ. ಡ್ರೋನ್ ನಿಗ್ರಹ ವ್ಯವಸ್ಥೆಗಳು ಎರಡನ್ನೂ ಏಕಕಾಲಕ್ಕೆ ಜ್ಯಾಮ್ ಮಾಡುವುದು ಇದೇ ಕಾರಣಕ್ಕೆ.

ಯುದ್ಧದಲ್ಲಿ ಬಳಕೆ ಮತ್ತು ಪ್ರತಿತಂತ್ರ

ಅಡಚಣೆ ಮತ್ತು ಅದರ ನಿವಾರಣೆ ಎರಡೂ ಅತಿ ವೇಗವಾಗಿ ಬೆಳೆದದ್ದು 2022ರಿಂದ ನಡೆಯುತ್ತಿರುವ ರಷ್ಯಾ–ಯುಕ್ರೇನ್ ಯುದ್ಧದಲ್ಲಿ. ಯುಕ್ರೇನ್ ತಿಂಗಳಿಗೆ ಸುಮಾರು 10,000 ಡ್ರೋನ್‌ಗಳನ್ನು ಕಳೆದುಕೊಳ್ಳುತ್ತಿದೆ ಎಂದು ಲಂಡನ್ನಿನ ರಾಯಲ್ ಯುನೈಟೆಡ್ ಸರ್ವಿಸಸ್ ಇನ್‌ಸ್ಟಿಟ್ಯೂಟ್ 2023ರ ಮೇ ತಿಂಗಳ ವರದಿಯಲ್ಲಿ ಅಂದಾಜಿಸಿತು. ಇದರಲ್ಲಿ ರಷ್ಯಾದ ಜ್ಯಾಮಿಂಗ್‌ನ ಪಾತ್ರ ದೊಡ್ಡದು. ಪ್ರತಿಯಾಗಿ ಯುಕ್ರೇನ್ ಸ್ಪೂಫಿಂಗ್ ಬಳಸುತ್ತದೆ. ಹೊಡೆದುರುಳಿಸದೆಯೇ ದಾರಿ ತಪ್ಪಿ ಕಣ್ಮರೆಯಾದ, ರಷ್ಯಾ ಕಳಿಸುವ ಶಾಹೆದ್ ಮಾದರಿಯ ದಾಳಿ ಡ್ರೋನ್‌ಗಳನ್ನು ಅದರ ವಾಯುಪಡೆ ದೈನಿಕ ವರದಿಗಳಲ್ಲಿ ಬೇರೆಯೇ ಎಣಿಸಿದೆ.

ಪ್ರತಿತಂತ್ರಗಳಲ್ಲಿ ಮುಖ್ಯವಾದವು ಮೂರು. ಶಾಹೆದ್ ಮಾದರಿಯ ಡ್ರೋನ್‌ಗಳಲ್ಲಿ ರಷ್ಯಾ ಕೊಮೆಟಾ ಎಂಬ ಬಹುಘಟಕ ಆಂಟೆನಾ ಕೂರಿಸಿದೆ. ಜ್ಯಾಮಿಂಗ್ ಬರುವ ದಿಕ್ಕಿಗೆ ಅದು ಕಿವುಡಾಗಿ, ಮೇಲಿನ ಉಪಗ್ರಹಗಳನ್ನು ಮಾತ್ರ ಆಲಿಸುತ್ತದೆ. ಎರಡನೆಯದು, ಕೊನೆಯ ಹಂತದಲ್ಲಿ ಕ್ಯಾಮೆರಾ ಚಿತ್ರವನ್ನೇ ನೋಡಿ ಗುರಿಯತ್ತ ತಾನಾಗಿ ಸಾಗುವ ಸಾಫ್ಟ್‌ವೇರ್. ಆಗ ರೇಡಿಯೊ ಕಡಿದರೂ ಕೆಲಸ ನಿಲ್ಲುವುದಿಲ್ಲ. ಮೂರನೆಯದು 2024ರಿಂದ ವ್ಯಾಪಕವಾದ ಆಪ್ಟಿಕಲ್ ಫೈಬರ್ ಡ್ರೋನ್. ಹಾರುತ್ತ ಹಾರುತ್ತ ಗಾಜಿನ ಎಳೆಯನ್ನು ಸುರುಳಿಯಿಂದ ಬಿಚ್ಚಿಕೊಂಡು ಹೋಗುವ ಇದಕ್ಕೆ 10ರಿಂದ 20 ಕಿಲೊಮೀಟರ್ ಉದ್ದದ ಎಳೆ ಸಾಮಾನ್ಯ. ಆದೇಶವೂ ಚಿತ್ರವೂ ಎಳೆಯೊಳಗೇ ಸಾಗುವುದರಿಂದ ಯಾವ ಜಾಮರ್ ಕೂಡ ಇದನ್ನು ಮುಟ್ಟಲಾರದು. ಸುರುಳಿಯ ತೂಕದಿಂದ ಸಾಗಿಸಬಲ್ಲ ಭಾರ ತಗ್ಗುತ್ತದೆ, ಎಳೆ ಮರಗಿಡಗಳಿಗೆ ಸಿಕ್ಕಿ ಹರಿಯುತ್ತದೆ. ಹೊಲಗಳ ಮೇಲೆ ಜೇಡನ ಬಲೆಯಂತೆ ಹರಡಿ ಬಿದ್ದ ಎಳೆಗಳು ಅಲ್ಲಿ ಹೊಸ ತ್ಯಾಜ್ಯ ಸಮಸ್ಯೆಯಾಗಿವೆ.

ನಾಗರಿಕ ಬಳಕೆಯಲ್ಲಿ ಸ್ಪೂಫಿಂಗ್‌ಗೆ ಪರಿಹಾರವಾಗಿ ಸಂಕೇತಕ್ಕೇ ಡಿಜಿಟಲ್ ಸಹಿ ಹಾಕುವ ಕ್ರಮ ಬಂದಿದೆ. ಯುರೋಪಿನ ಗೆಲಿಲಿಯೊ ವ್ಯವಸ್ಥೆ ಈ ಸೇವೆಯನ್ನು 2025ರ ಜುಲೈನಲ್ಲಿ ಅಧಿಕೃತವಾಗಿ ಆರಂಭಿಸಿತು. ಸಹಿಯಿಂದ ಸುಳ್ಳು ಸಂಕೇತವನ್ನು ಪತ್ತೆ ಮಾಡಬಹುದು; ಜ್ಯಾಮಿಂಗ್ ತಡೆಯಲು ಅದರಿಂದ ಪ್ರಯೋಜನವಿಲ್ಲ.

ಭಾರತದಲ್ಲಿ

2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬಿದ್ದ ನಂತರ ಡ್ರೋನ್ ನಿಗ್ರಹಕ್ಕೆ ದೇಶದಲ್ಲಿ ಒತ್ತು ಹೆಚ್ಚಿತು. ಡಿಆರ್‌ಡಿಒ ರೂಪಿಸಿದ ಡಿ4 ವ್ಯವಸ್ಥೆಯ ಅಭಿವೃದ್ಧಿಯಲ್ಲಿ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯವೂ ಭಾಗಿಯಾಗಿದೆ, ತಯಾರಿಕೆ ಬೆಂಗಳೂರು ಮೂಲದ ಭಾರತ್ ಎಲೆಕ್ಟ್ರಾನಿಕ್ಸ್‌ನದು. ಡ್ರೋನ್ ಪತ್ತೆ ಹಚ್ಚಿ ರೇಡಿಯೊ ಮತ್ತು ಉಪಗ್ರಹ ಸಂಕೇತ ಜ್ಯಾಮ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಲೇಸರ್‌ನಿಂದ ಸುಡುವುದು ಇದರ ಕ್ರಮ. 2025ರ ಮೇ 8–9ರ ರಾತ್ರಿ ಪಾಕಿಸ್ತಾನ 36 ಸ್ಥಳಗಳ ಮೇಲೆ ಸುಮಾರು 300ರಿಂದ 400 ಡ್ರೋನ್‌ಗಳನ್ನು ಕಳಿಸಿತೆಂದೂ, ಅನೇಕವನ್ನು ಗುಂಡಿನಿಂದಲೂ ಜ್ಯಾಮಿಂಗ್‌ನಂಥ ಉಪಾಯಗಳಿಂದಲೂ ಕೆಡವಲಾಯಿತೆಂದೂ ಭಾರತೀಯ ಸೇನೆ ತಿಳಿಸಿತು.

ಗಡಿ ಭಾಗದಲ್ಲಿ ಜಿಪಿಎಸ್ ಅಡಚಣೆ ಪ್ರಯಾಣಿಕ ವಿಮಾನಗಳನ್ನೂ ತಟ್ಟಿದೆ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಇಂಥ 465 ಪ್ರಕರಣಗಳು, ಹೆಚ್ಚಿನವು ಅಮೃತಸರ ಮತ್ತು ಜಮ್ಮು ಭಾಗದಲ್ಲಿ, ವರದಿಯಾಗಿವೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಇಸ್ರೊದ ನಾವಿಕ್ ವ್ಯವಸ್ಥೆ ಎಲ್5 ಮತ್ತು ಎಸ್ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಬ್ಯಾಂಡ್ ಕೂಡ ಸೇರಿತು. ಹಲವು ವ್ಯವಸ್ಥೆ, ಹಲವು ಬ್ಯಾಂಡ್ ಆಲಿಸುವ ರಿಸೀವರನ್ನು ಕಂಗೆಡಿಸುವುದು ಒಂದೇ ಬ್ಯಾಂಡಿನದಕ್ಕಿಂತ ಕಷ್ಟ.

2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಸರ್ಕಾರದ ಅನುಮತಿಯಿಲ್ಲದೆ ಜಾಮರ್ ಬಳಸುವುದು ಕಾನೂನುಬಾಹಿರ. ಸ್ವಂತ ಜಮೀನಿನ ಮೇಲೆ ಹಾರುವ ಡ್ರೋನ್ ತಡೆಯಲೂ ಖಾಸಗಿ ವ್ಯಕ್ತಿ ಅದನ್ನು ಬಳಸುವಂತಿಲ್ಲ. ಗ್ರಾಮಗಳ ಜನವಸತಿ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಅದರಲ್ಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಂಥ ಸರ್ವೆಯಲ್ಲೂ ಹೊಲಗಳ ಔಷಧ ಸಿಂಪಡಣೆಯಲ್ಲೂ ಎದುರಾಗುವ ಅಡಚಣೆ ಬಹುತೇಕ ಶತ್ರುವಿನದಲ್ಲ, ವಿದ್ಯುತ್ ಮಾರ್ಗ, ಮೊಬೈಲ್ ಟವರ್, ಮರಗಳ ನೆರಳಿನದು. ಸಿಂಪಡಣೆ ಡ್ರೋನ್‌ಗಳಲ್ಲಿ ಕೊಂಡಿ ತಪ್ಪಿದೊಡನೆ ಪಂಪ್ ನಿಂತು, ಎಲ್ಲಿ ನಿಂತಿತೆಂಬ ಬಿಂದುವನ್ನು ದಾಖಲಿಸಿಕೊಂಡು, ಸಂಕೇತ ಮರಳಿದ ಮೇಲೆ ಅಲ್ಲಿಂದಲೇ ಮುಂದುವರಿಸುವ ಏರ್ಪಾಡು ಈಗ ಸಾಮಾನ್ಯವಾಗಿದೆ.